ಕೇಳಿ-ಹೇಳ್ತೀವಿ: 1912ರ ಕಾರ್ಲೈಲ್ ಟೀಮು, 504 ಪಾಯಿಂಟು

ಪ್ರಶ್ನೆ: 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ ಎರಡು ಚಿನ್ನ ಗೆದ್ದ ಜಿಮ್ ಥಾರ್ಪ್, ವಾಪಸ್ ಬಂದು ಅದೇ ವರ್ಷ ಕಾಲೇಜ್ ಟೀಮಲ್ಲಿ ಫುಟ್‌ಬಾಲ್ ಆಡಿದ್ನಂತೆ. ಅದು ನಾವಾಡೋ ಫುಟ್‌ಬಾಲೇನಾ? ಆ ಸೀಸನ್ ಹೇಗಿತ್ತು?

ಉತ್ತರ: ನಾವಾಡೋದಲ್ಲ, ಅಮೆರಿಕನ್ ಫುಟ್‌ಬಾಲ್, ಅಂದ್ರೆ ಮೊಟ್ಟೆ ಆಕಾರದ ಚೆಂಡನ್ನ ಎದೆಗೆ ಅವುಚಿಕೊಂಡು ಓಡೋದು, ಎದುರಿನವರು ಬಂದು ಕೆಡವೋದು. ಟೀಮಿನ ಹೆಸರು ಕಾರ್ಲೈಲ್ ಇಂಡಿಯನ್ ಸ್ಕೂಲ್, ಪೆನ್ಸಿಲ್ವೇನಿಯಾದ್ದು. ಆ ವರ್ಷ 14 ಪಂದ್ಯ ಆಡಿ 12 ಗೆದ್ರು, ಒಂದು ಸೋತ್ರು, ಒಂದು ಡ್ರಾ, ಹೊಡೆದ ಪಾಯಿಂಟು 504. ಅಷ್ಟು ಓದಿದ್ರೆ ಎಲ್ಲಾ ಸಲೀಸಾಗಿ ಆಯ್ತೇನೋ ಅನ್ಸತ್ತೆ, ಆದ್ರೆ ಪಟ್ಟಿ ನೋಡಿ. ಮೊದಲ ನಾಲ್ಕು ಪಂದ್ಯ ಚಿಕ್ಕಪುಟ್ಟ ಕಾಲೇಜುಗಳ ಜೊತೆ, ವಿಲನೋವಾಗೆ 65-0 ಬಾರಿಸಿದ್ರು, ಆಮೇಲೆ ವಾಷಿಂಗ್ಟನ್ ಅಂಡ್ ಜೆಫರ್ಸನ್ ಅನ್ನೋ ಕಾಲೇಜಿನ ಎದುರು ಏನ್ ಮಾಡಿದ್ರೂ ಒಂದು ಪಾಯಿಂಟೂ ಹುಟ್ಟಲಿಲ್ಲ, 0-0. ಮುಂದಿನದು ಸಿರಾಕ್ಯೂಸ್. ಹಿಂದಿನ ವರ್ಷ 12-11ಕ್ಕೆ ಇವರನ್ನ ಸೋಲಿಸಿದ್ದ ಏಕೈಕ ಟೀಮು ಅದು, ಈ ಸಲ ಬಡ್ಡಿ ಸಮೇತ 33-0 ವಾಪಸ್ ಕೊಟ್ರು. ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ತಮಾಷೆ: ಜಾರ್ಜ್‌ಟೌನ್ ಪಂದ್ಯ ಮುಗಿಸಿ ಎರಡೇ ದಿನಕ್ಕೆ ಕೆನಡಾದ ಟೊರಾಂಟೊಗೆ ಹೋಗಿ ಅರ್ಧ ಅಮೆರಿಕನ್ ರೂಲು, ಅರ್ಧ ಕೆನಡಾ ರಗ್ಬಿ ರೂಲಲ್ಲಿ ಆಡಿ 49-1 ಗೆದ್ದು ಬಂದ್ರು. ಆಗ ಒಬ್ಬೊಬ್ಬ ಆಟಗಾರ ಅಟ್ಯಾಕೂ ಮಾಡ್ಬೇಕು ಡಿಫೆನ್ಸೂ ಮಾಡ್ಬೇಕು, ಹೊರಗೆ ಹೋದವನು ಅದೇ ಕ್ವಾರ್ಟರಲ್ಲಿ (ಆಟದ ಕಾಲು ಭಾಗ) ಮತ್ತೆ ಒಳಗೆ ಬರಂಗಿಲ್ಲ, ಹೆಲ್ಮೆಟ್ಟು ಹಾಕ್ಕೊಂಡ್ರೆ ಹಾಕ್ಕೋ ಇಲ್ಲಾಂದ್ರೆ ಬಿಡು ಅನ್ನೋ ಕಾಲ, ಹಾಕ್ಕೊಂಡ್ರೂ ಚರ್ಮದ್ದು.

ಸೋತಿದ್ದು ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಕೈಲಿ, 34-26. ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ ತಾನೇ ಸೀಸನ್ನಿನ ಅತಿ ದೊಡ್ಡ ಪಂದ್ಯ ಗೆದ್ದಿದ್ರು, ಆ ಸುಸ್ತು ಇನ್ನೂ ಇಳಿದಿರಲಿಲ್ಲ ಅಂತ ನನ್ನ ಊಹೆ.

ಪ್ರಶ್ನೆ: ಆ ದೊಡ್ಡ ಪಂದ್ಯ ಆರ್ಮಿ ಮೇಲಿನದ್ದು ತಾನೇ? ಅದರ ಬಗ್ಗೆ ಯಾಕೆ ಇಷ್ಟು ಮಾತು?

ಉತ್ತರ: ಹೌದು, 1912 ನವೆಂಬರ್ 9, ವೆಸ್ಟ್ ಪಾಯಿಂಟ್. ಅಮೆರಿಕದ ಸೇನಾ ಅಕಾಡೆಮಿ ಇರೋ ಜಾಗ. ಕಾರ್ಲೈಲ್ ಹುಡುಗರು ಮೂಲನಿವಾಸಿ ಬುಡಕಟ್ಟುಗಳವರು: ಥಾರ್ಪ್ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು, ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಮತ್ತು ಮುಂದಿನ ಸಾಲಲ್ಲಿ ನಿಲ್ಲೋ ಟ್ಯಾಕಲ್ ಜೋ ಗಯಾನ್ ಇಬ್ರೂ ಒಜಿಬ್ವೆ. ಅಮೆರಿಕ ಸೇನೆ ವೂಂಡೆಡ್ ನೀ ಅನ್ನೋ ಜಾಗದಲ್ಲಿ ಹೆಂಗಸರು ಮಕ್ಕಳು ಅನ್ನದೆ ಲಕೋಟ ಬುಡಕಟ್ಟಿನ ಜನರನ್ನ ಗುಂಡಿಕ್ಕಿ ಕೊಂದಿದ್ದು 1890ರಲ್ಲಿ, ಅಂದ್ರೆ ಆಗಿನ್ನೂ 22 ವರ್ಷ ಆಗಿತ್ತು ಅಷ್ಟೆ, ಈ ಹುಡುಗರ ಮನೆಗಳಲ್ಲಿ ಸೇನೆ ಜೊತೆಗಿನ ಕಾದಾಟ ನೋಡಿದವರು ಇನ್ನೂ ಬದುಕಿದ್ರು. ನಾಳೆ ಆಫೀಸರ್‌ಗಳಾಗೋರ ಎದುರು, ಅವರದೇ ಮೈದಾನದಲ್ಲಿ ಇವರು ಇಳಿದಾಗ ಅದು ಬರೀ ಮ್ಯಾಚಾಗಿ ಉಳಿಯೋದು ಕಷ್ಟ.

ಆಟದ ವಿಷಯಕ್ಕೆ ಬಂದ್ರೆ ಗೆದ್ದಿದ್ದು 27-6. ಕೋಚ್ ಪಾಪ್ ವಾರ್ನರ್ ಡಬಲ್ ವಿಂಗ್ ಅನ್ನೋ ಹೊಸ ವಿನ್ಯಾಸ ತಂದಿದ್ದ, ಇಬ್ಬರು ಹಾಫ್‌ಬ್ಯಾಕ್‌ಗಳನ್ನ (ಹಿಂದೆ ನಿಂತು ಚೆಂಡು ಹಿಡಿದು ಓಡೋರು) ಮುಂದಿನ ಸಾಲಿನ ಎರಡೂ ತುದಿಗೆ ಸರಿಸಿ ನಿಲ್ಲಿಸೋದು. ಹಾಗೆ ನಿಂತಾಗ ಚೆಂಡು ಯಾರ ಕೈಗೆ ಹೋಗತ್ತೆ, ಯಾವ ಕಡೆ ಓಡ್ತಾರೆ, ಇಲ್ಲಾ ಪಾಸ್ ಎಸೀತಾರಾ ಅಂತ ಎದುರಿನವನಿಗೆ ಮೊದಲೇ ಗೊತ್ತಾಗಲ್ಲ. ಆರ್ಮಿಯವರು ಮೈಕಟ್ಟಲ್ಲಿ ದೊಡ್ಡವರು, ಒಟ್ಟಾಗಿ ನುಗ್ಗಿ ತಳ್ಳೋ ಆಟದವರು, ಕಣ್ಣೆದುರೇ ಚೆಂಡು ಕೈ ಬದಲಾಗೋದನ್ನ ಹುಡುಕೋದ್ರಲ್ಲೇ ಸುಸ್ತಾದ್ರು. ಆರ್ಮಿ ಕ್ಯಾಪ್ಟನ್ ಲೀಲ್ಯಾಂಡ್ ಡೆವೋರ್ ಅಂತೂ ಗಯಾನ್ ಮೇಲೆ ಸಿಟ್ಟು ತಡೀಲಾರದೆ ಒರಟಾಟ ಆಡಿ ಮೈದಾನದಿಂದ ಹೊರಗೆ ಹೋಗ್ಬೇಕಾಯ್ತು. ಥಾರ್ಪ್ ಚೆನ್ನಾಗೇ ಆಡಿದ, ಆದ್ರೆ ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು) ಲೆಕ್ಕದಲ್ಲಿ ಆ ದಿನದ ಹೀರೋ ಅಲೆಕ್ಸ್ ಅರ್ಕಾಸಾ, ಮೂರು ಹೊಡೆದ. ಅವನ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು ಹೇಳಿ? ಈ ಟೀಮನ್ನ ಥಾರ್ಪ್ ಟೀಮು ಅಂತ ಕರೆಯೋದು ನಂಗೆ ಅಷ್ಟು ಸರಿ ಕಾಣಲ್ಲ, ಮುಂದೆ ವೆಲ್ಚ್, ಗಯಾನ್ ದಾರಿ ಬಿಡಿಸದೇ ಇದ್ದಿದ್ರೆ ಒಬ್ಬನೇ ಎಷ್ಟು ಅಂತ ಓಡ್ತಾನೆ.

ಪ್ರಶ್ನೆ: 504 ಪಾಯಿಂಟು ಹೇಗೆ ಸಾಧ್ಯ? ಆಗಿನ ಸ್ಕೋರೆಲ್ಲಾ ಚಿಕ್ಕವಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಅದೇ 1912ರಲ್ಲಿ ರೂಲ್ಸ್ ಬದಲಾಯ್ತು. ಟಚ್‌ಡೌನ್‌ಗೆ 5 ಇದ್ದಿದ್ದು 6 ಆಯ್ತು. ಹತ್ತು ಗಜ ಮುಂದೆ ಹೋಗೋಕೆ ಮೂರು ಚಾನ್ಸ್ ಇದ್ದಿದ್ದು ನಾಲ್ಕಾಯ್ತು (ಒಂದೊಂದು ಚಾನ್ಸಿಗೂ ಡೌನ್ ಅಂತಾರೆ). ಮೈದಾನ 110 ಗಜದಿಂದ 100ಕ್ಕೆ ಇಳೀತು, ಎರಡೂ ತುದಿಗೆ 10 ಗಜದ ಎಂಡ್ ಝೋನ್ ಬಂತು, ಅಲ್ಲಿ ನಿಂತು ಪಾಸ್ ಹಿಡಿದ್ರೂ ಟಚ್‌ಡೌನೇ. ಪಾಸ್ 20 ಗಜಕ್ಕಿಂತ ದೂರ ಹೋಗಂಗಿಲ್ಲ ಅನ್ನೋ ಕಟ್ಟೂ ಹೋಯ್ತು. ಮುಂದಕ್ಕೆ ಪಾಸ್ ಎಸೆಯೋದಕ್ಕೆ ಅನುಮತಿ ಸಿಕ್ಕಿದ್ದೇ 1906ರಲ್ಲಿ, ಅದೂ 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜಿನವರನ್ನ ವೈಟ್ ಹೌಸಿಗೆ ಕರೆಸಿ ಮಾತಾಡಿ, ಆ ಸೀಸನ್ನಲ್ಲಿ ಹುಡುಗರು ಆಡ್ತಾ ಆಡ್ತಾ ಸತ್ತು ಗಲಾಟೆಯಾದ ಮೇಲೆ. ಈ ಬದಲಾವಣೆಗಳೆಲ್ಲಾ ಬೇಗ ಓಡೋರಿಗೆ, ತಲೆ ಓಡಿಸೋರಿಗೆ ಹೇಳಿ ಮಾಡಿಸಿದ ಹಾಗಿತ್ತು, ಕಾರ್ಲೈಲ್ ಹತ್ರ ಇದ್ದಿದ್ದೂ ಅಂಥವರೇ.

ಪ್ರಶ್ನೆ: ಕಾರ್ಲೈಲ್ ನಿಜವಾಗ್ಲೂ ಕಾಲೇಜಾ?

ಉತ್ತರ: ಅಲ್ಲ. ಹೆಸರಿಗೆ ತಕ್ಕ ಹಾಗೆ ಸ್ಕೂಲು, ಸರ್ಕಾರದ ವಸತಿ ಶಾಲೆ, ಸ್ವಲ್ಪ ಓದು, ಜಾಸ್ತಿ ಬಡಗಿ ಕೆಲಸ, ಹೊಲಿಗೆ, ಬೇಸಾಯ ಕಲಿಸೋದು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಅನ್ನೋ ಸೇನಾಧಿಕಾರಿ ಹಳೇ ಸೇನಾ ಬ್ಯಾರಕ್ಕಲ್ಲಿ ಶುರು ಮಾಡಿದ್ದು. ಬಂದ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಾಯಿಸಿ, ಮನೆ ಭಾಷೆ ಆಡದಂಗೆ ಮಾಡಿ ಬಿಳಿಯರ ಥರ ತಿದ್ದೋದೇ ಉದ್ದೇಶ. ಅಲ್ಲೇ ಸತ್ತ ಮಕ್ಕಳ ಸ್ಮಶಾನ ಇವತ್ತಿಗೂ ಇದೆ.

ಫುಟ್‌ಬಾಲ್ ಅವರಿಗೆ ಹೆಸರೂ ಕೊಡ್ತು, ದುಡ್ಡೂ ಕೊಡ್ತು. ದೊಡ್ಡ ಪಂದ್ಯಗಳೆಲ್ಲಾ ಎದುರಾಳಿ ಊರಲ್ಲೇ, ಯಾಕಂದ್ರೆ ಟಿಕೆಟ್ ಮಾರಾಟ ಆಗೋದು ಅಲ್ಲೇ, ಅದರಲ್ಲಿ ಇವರಿಗೆ ಪಾಲು. ಆ ದುಡ್ಡಿನ ಮೇಲೆ ವಾರ್ನರ್‌ದೇ ಹಿಡಿತ. ಕೊನೆಗೆ ಗಸ್ ವೆಲ್ಚೇ ಮುಂದೆ ನಿಂತು ಶಾಲೆಯ ಆಡಳಿತದ ಬಗ್ಗೆ ವಿಚಾರಣೆ ಆಗ್ಲಿ ಅಂತ 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಹಾಕಿಸಿದ, 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಬಂದು ಕೂತು ಕೇಳ್ತು, ಕೋಚ್ ಬೈಗುಳ, ಹೊಡೆತ, ಹಣ ಎಲ್ಲಾ ಹೊರಗೆ ಬಂತು. ವಾರ್ನರ್ ಪಿಟ್ಸ್‌ಬರ್ಗಿಗೆ ಹೋದ, ಅಲ್ಲೂ ಗೆದ್ದ. ಶಾಲೆ 1918ರಲ್ಲಿ ಮುಚ್ಚಿತು. ಆಟದ ಲೆಕ್ಕದಲ್ಲಿ ವಾರ್ನರ್ ಜೀನಿಯಸ್ಸೇ, ಆದ್ರೆ ಆ ಒಂದು ಪದ ಹಾಕಿ ಉಳಿದದ್ದನ್ನ ಮುಚ್ಚಿಡೋದು ನ್ಯಾಯ ಅಲ್ಲ.

ಪ್ರಶ್ನೆ: ಥಾರ್ಪ್ ಪದಕ ಕಿತ್ಕೊಂಡಿದ್ದು ಈ ಫುಟ್‌ಬಾಲ್ ಆಡಿದ್ದಕ್ಕಾ?

ಉತ್ತರ: ಅಲ್ಲ, ಬೇಸ್‌ಬಾಲ್‌ಗೆ. 1909, 1910ರಲ್ಲಿ ನಾರ್ತ್ ಕ್ಯಾರೊಲೈನಾದ ರಾಕಿ ಮೌಂಟಲ್ಲಿ ಪುಡಿಗಾಸಿಗೆ ಆಡಿದ್ದು 1913 ಜನವರಿಯಲ್ಲಿ ಪೇಪರಲ್ಲಿ ಬಂತು, ಅಮೆಚೂರ್ (ದುಡ್ಡು ತಗೊಳ್ಳದೆ ಆಡೋನು) ಅಲ್ಲ ಅಂತ ಪದಕ ವಾಪಸ್ ತಗೊಂಡ್ರು. 1982ರಲ್ಲಿ ಅರ್ಧ ನ್ಯಾಯ, ಜಂಟಿ ವಿಜೇತ ಅಂದ್ರು, 2022ರಲ್ಲಿ ಪೂರ್ತಿ. ಆತ ತೀರಿಕೊಂಡಿದ್ದು 1953ರಲ್ಲಿ.

ಪ್ರಶ್ನೆ: ಮುಂದೆ ಅಮೆರಿಕ ಅಧ್ಯಕ್ಷ ಆದ ಐಸನ್‌ಹೋವರ್ ಮೊಣಕಾಲು ಮುರಿದಿದ್ದು ಥಾರ್ಪ್ ಅಂತಾರಲ್ಲ?

ಉತ್ತರ: ಐಸನ್‌ಹೋವರ್ ಆ ನವೆಂಬರ್ 9ರ ಪಂದ್ಯದಲ್ಲಿ ಆರ್ಮಿ ಟೀಮಲ್ಲಿ ಇದ್ದಿದ್ದು ನಿಜ, ಥಾರ್ಪ್‌ನ ಕೆಡವೋಕೆ ಹೋಗಿ ತಮ್ಮ ಟೀಮಿನವನಿಗೇ ಡಿಕ್ಕಿ ಹೊಡೆದಿದ್ದೂ ನಿಜ. ಆದ್ರೆ ಫುಟ್‌ಬಾಲ್ ಬಿಡಿಸಿದ ಮೊಣಕಾಲು ಕೆಟ್ಟಿದ್ದು ಮುಂದಿನ ವಾರ ಟಫ್ಟ್ಸ್ ಕಾಲೇಜಿನ ಪಂದ್ಯದಲ್ಲಿ, ಆಮೇಲೆ ಕುದುರೆ ಸವಾರಿ ತರಬೇತಿಯಲ್ಲಿ ಅದೇ ಕಾಲು ಇನ್ನಷ್ಟು ಹಾಳಾಯ್ತು. ಥಾರ್ಪ್‌ದೇನೂ ತಪ್ಪಿಲ್ಲ.