ಮಳೆಗಾಲದ ರಫ್: ಒಂದೇ ಸಲ ಬೋಳಿಸಬೇಡಿ

ಶೆಟ್ರೆ, ನಿಮ್ಮ ಫೋಟೊ ನೋಡಿದೆ. ಮಣಿಪಾಲದ ಕಡೆ ಹೋಂಸ್ಟೇ ಜಾಗದಲ್ಲಿ ನಾಲ್ಕು ಹೋಲಿನ ಪುಟ್ಟ ಗಾಲ್ಫ್ ಮೈದಾನ, ಆಟದ ದಾರಿಯ ಆಚೀಚೆ ಹುಲ್ಲು ಉದ್ದ ಬಿಡುವ ಜಾಗದಲ್ಲಿ, ಅಂದರೆ ರಫ್‌ನಲ್ಲಿ, ಹುಲ್ಲು ಮೊಣಕಾಲಿಗೆ ಬಂದಿದೆ, ಕೆಲಸಕ್ಕೆ ಇಬ್ಬರೇ, ಕಳೆನಾಶಕ ಹೊಡೆದುಬಿಡಲಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೆ. ಮುರಕಲ್ಲಿನ (ಕೆಂಪುಕಲ್ಲಿನ) ಇಳಿಜಾರಿನಲ್ಲಿ ಮಣ್ಣು ಹಿಡಿದಿಟ್ಟಿರುವುದೇ ಆ ಹುಲ್ಲಿನ ಬೇರು. ಅದು ಸತ್ತರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೆಂಪು ನೀರು ನೇರ ನಿಮ್ಮ ಕೆರೆಗೆ ಇಳಿಯುತ್ತದೆ, ಹೊಡೆದ ಮದ್ದೂ ಜೊತೆಗೆ.

ಇದೆಲ್ಲ ನಾನು ಪೆಟ್ಟು ತಿಂದು ಕಲಿತದ್ದು. ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ಜುಲೈಯಲ್ಲಿ, ಒಂದು ದಿನ ಮಳೆ ಬಿಟ್ಟಿತು ಅಂತ ಇಂಥದೇ ಹುಲ್ಲನ್ನು 2 ಇಂಚಿಗೆ ಇಳಿಸಿಬಿಟ್ಟೆ. ಉಳಿದದ್ದು ಹಳದಿ ದಂಟು. ಕೊಯ್ದ ಹುಲ್ಲು ಒದ್ದೆ ಮುದ್ದೆಯಾಗಿ ಅಲ್ಲೇ ಬಿದ್ದಿತ್ತು. ನಾಲ್ಕು ದಿನ ಬಿಟ್ಟು ಕಾಲಿನಲ್ಲಿ ಸರಿಸಿದರೆ ಒಳಗೆ ಬಿಸಿ, ಹುಳಿ ವಾಸನೆ, ಅಡಿಯ ಗರಿಕೆ ಬಿಳಿಚಿ ಕೊಳೆತಿತ್ತು. ಆಮೇಲೆ ಆ ಜಾಗ ತುಂಬಿದ್ದು ಗರಿಕೆ ಅಲ್ಲ, ನಾಚಿಕೆಮುಳ್ಳು. ಅದನ್ನು ಕಿತ್ತು ಮುಗಿಸುವಾಗ ಬೇಸಗೆ ಬಂತು.

ಒಂದು ಸಲಕ್ಕೆ ಇದ್ದ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ. 18 ಇಂಚು ಇದ್ದರೆ ಮೊದಲು 12, ಐದಾರು ದಿನ ಬಿಟ್ಟು 8, ಹೀಗೆ ಇಳಿಸುತ್ತಾ ಬನ್ನಿ. ನಡುವೆ ಮತ್ತೆ ಬೆಳೆಯುತ್ತದೆ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಪರವಾಗಿಲ್ಲ. ಮಳೆಗಾಲಕ್ಕೆ 3 ಇಂಚು ಸಾಕು, ನಾಲ್ಕೂವರೆ ಆದಾಗ ಕೊಯ್ಯಿರಿ. 2 ಇಂಚಿನ ಆಸೆ ಬೇಸಗೆಗೆ ಇರಲಿ. ದೊಡ್ಡ ಮುದ್ದೆಗಳನ್ನು ಅದೇ ದಿನ ಕುಂಟೆಯಲ್ಲಿ ಎಳೆದು ತೆಂಗಿನ ಬುಡಕ್ಕೆ ಹಾಕಿ.

ಕೂತು ಓಡಿಸುವ ಮಷಿನ್ ಈಗ ಶೆಡ್ಡಿನಲ್ಲೇ ಇರಲಿ, ಚಕ್ರದ ಗುಂಡಿ ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಹುಲ್ಲು ಹೆರೆಯುವ ಮಷಿನ್ ಸಾಕು. ಕನ್ನಡಕ ಹಾಕಲೇಬೇಕು, ಮುರಕಲ್ಲಿನ ಹರಳು ಹಾರುತ್ತದೆ. ಕೊಯ್ದ ಎಲೆಯ ತುದಿಯನ್ನೂ ನೋಡಿ. ಬ್ಲೇಡ್ ಹರಿತ ಇದ್ದರೆ ನೇರ ಗೆರೆ. ಮೊಂಡಾಗಿದ್ದರೆ ಚೀಪಿ ಎಸೆದ ಕಾಟುಮಾವಿನ ಗೊರಟಿನ ಹಾಗೆ ನಾರು ನಾರು, ಎರಡು ದಿನದಲ್ಲಿ ತುದಿಯೆಲ್ಲ ಕಂದು. ಇನ್ನು ಯೂರಿಯಾ. ಪತ್ತನಾಜೆ (ಮೇ ಕೊನೆಯ ವಾರ) ಕಳೆದ ಮೇಲೆ ರಫ್‌ಗೆ ಹಾಕಲೇಬೇಡಿ. ತೊಳೆದು ಹೋದದ್ದು ಹೋಯಿತು, ಉಳಿದದ್ದು ನಿಮಗೇ ಕೊಯ್ಲಿನ ಕೆಲಸ.

ಮತ್ತೆ, ಇಡೀ ರಫ್ ಯಾಕೆ ಕೊಯ್ಯಬೇಕು? ಇಬ್ಬರಿಂದ ಆಗುವ ಕೆಲಸವಾ ಅದು? ಫೇರ್‌ವೇ, ಅಂದರೆ ಗಿಡ್ಡ ಹುಲ್ಲಿನ ಆಟದ ದಾರಿ, ಅದರ ಅಂಚಿನಿಂದ ಐದಾರು ಮೀಟರ್ ಮಾತ್ರ ಹಿಡಿತದಲ್ಲಿ ಇಡಿ. ಅದರಾಚೆ ಮುಳಿಹುಲ್ಲು ಇರಲಿ ಬಿಡಿ, ನೋಡಲೂ ಚಂದ. ದೀಪಾವಳಿ ಕಳೆದು ಒಣಗಿದ ಮೇಲೆ ಒಮ್ಮೆ ಕೊಯ್ದರೆ ಆಯಿತು. ಆದರೆ ಮಾರ್ಗದ ಬದಿಯದ್ದನ್ನು ಉಳಿಸಬೇಡಿ, ಒಂದು ಬೀಡಿಯ ಕಿಡಿ ಸಾಕು.

ಎಷ್ಟು ಎತ್ತರ ಸರಿ ಅಂತ ಗೊತ್ತಾಗಲು ನಾನು ಟೇಪ್ ಹಿಡಿಯುವುದಿಲ್ಲ. 10 ಹಳೆ ಚೆಂಡು ರಫ್‌ಗೆ ಎಸೆಯುತ್ತೇನೆ. 2019ರಿಂದ ಗಾಲ್ಫ್ ನಿಯಮದಲ್ಲಿ ಚೆಂಡು ಹುಡುಕಲು 3 ನಿಮಿಷ ಮಾತ್ರ, ಮೊದಲು 5 ಇತ್ತು. ಒಂದೊಂದಕ್ಕೆ 3 ನಿಮಿಷ ಕೊಟ್ಟು ಎಂಟಾದರೂ ಸಿಗದಿದ್ದರೆ ಇನ್ನೊಂದು ಸುತ್ತು ಕೊಯ್ಯುವುದು. ಹುಡುಕುವಾಗ ಗಂಬೂಟು ಹಾಕಿ, ಕೋಲಿನಿಂದ ಬಿಡಿಸಿ ನೋಡಿ. ಸುಮ್ನೆ ಕೈ ಹಾಕಬೇಡಿ, ಕನ್ನಡಿ ಹಾವು (ಕೊಳಕುಮಂಡಲ) ಇರುವುದೂ ಇಂಥ ಹುಲ್ಲಿನಲ್ಲೇ.