ಬೆಡಿಯ ದಿನ ಮನೆ ಬಿಡುವ ಅಪ್ಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕುಂಬಳೆ ಕಡೆಯ ತಾಯಿ, ಮಗಳು ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಯುದ್ಧ ಮುಗಿಸಿ ಬಂದವನ ಮನೆಯ ಬಗ್ಗೆ ಮಗಳು ಒಂದು ಸಿನಿಮಾ ನೋಡಿದ್ದಳಂತೆ. ಗುಂಡಿನ ಸದ್ದೇ ಇಲ್ಲದ, ತಣ್ಣಗಿನ ಸಿನಿಮಾ. ಊಟಕ್ಕೆ ಕೂತವರು ಮಾತಾಡುವುದಿಲ್ಲ, ಅಷ್ಟೇ. "ಇದು ನಮ್ಮನೆ ಕತೆಯೇ ಅಲ್ವಾ ಮೇಡಂ?" ಎಂದಳು.

ಅಪ್ಪ ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿದ್ದವರು. 1987ರ ಜುಲೈಯಲ್ಲಿ ಹೊರಟ ಆ ಪಡೆ 1990ರ ಮಾರ್ಚ್‌ನಲ್ಲಿ ಪೂರ್ತಿ ವಾಪಸಾಯಿತು. ಸುಮಾರು 1,200 ಯೋಧರು ಬರಲೇ ಇಲ್ಲ. ಕಾರ್ಗಿಲ್‌ನಿಂದ ಬಂದವರಿಗೆ ಸಿಕ್ಕ ಹಾರ, ಮೆರವಣಿಗೆ ಇವರಿಗೆ ಸಿಗಲಿಲ್ಲ. ಅದೂ ಒಳಗೆ ಕೂತಿರುತ್ತದೆ ಅಂತ ನನ್ನ ಅನಿಸಿಕೆ.

ಅವರು ಬೈಯುವವರಲ್ಲ, ಹೊಡೆಯುವವರಲ್ಲ. ಆದರೆ ಮಲಗಿದ್ದಾಗ ಮುಟ್ಟಿ ಎಬ್ಬಿಸುವ ಹಾಗಿಲ್ಲ, ಬಾಗಿಲಲ್ಲೇ ನಿಂತು ಕರೆಯಬೇಕು. ಮದುವೆ ಊಟಕ್ಕೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ. ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯಲ್ಲಿ ಸಿಡಿಮದ್ದು ಸಿಡಿಸುವ) ದಿನ ಬೆಳಗ್ಗೆಯೇ ಬಸ್ಸು ಹತ್ತುತ್ತಾರೆ. ಎಲ್ಲಿಗೆ ಅಂತ ಇಷ್ಟು ವರ್ಷ ಯಾರೂ ಕೇಳಿಲ್ಲ. ಈಗ ಗಂಡನ ಮನೆಯಲ್ಲಿ ತನ್ನ ಮಗು ಬಟ್ಟಲು ಬೀಳಿಸಿದರೆ ಮಗಳು ಬೆಚ್ಚಿ, ಮಗುವಿನ ಬಾಯಿ ಮುಚ್ಚುತ್ತಾಳೆ. ಅಪ್ಪ ಅಲ್ಲಿ ಇರುವುದೇ ಇಲ್ಲ!

"ಅಪ್ಪನನ್ನು ಸರಿ ಮಾಡಿ" ಎಂದು ಬಂದವರಿಗೆ, ನಿಮ್ಮಿಬ್ಬರಿಂದಲೇ ಶುರು ಮಾಡೋಣ ಎಂದೆ. ಅಲ್ಲಿ ಏನಾಯಿತು ಅಂತ ಅವರನ್ನು ಕೆದಕಬೇಡಿ. ಆ ಸಿನಿಮಾ ತೋರಿಸುವುದಂತೂ ಬೇಡವೇ ಬೇಡ (ಅವಳಿಗೆ ಆ ಆಸೆ ಇತ್ತು). ಮನೆಯಲ್ಲಿ ಈಗ ಆಗುತ್ತಿರುವುದನ್ನು ಮಾತ್ರ ಬಾಯಿಬಿಟ್ಟು ಆಡಿ. "ಅಪ್ಪ, ಈ ಸಲ ಬೆಡಿಯ ದಿನ ನಾನೂ ನಿಮ್ಮೊಟ್ಟಿಗೆ ಬರ್ಲಾ?" ಅಂತ ಕೇಳಿ. ಬೇಡ ಅಂದರೆ ಬಿಡಿ. ಮಗುವಿಗೆ, "ಅಜ್ಜನಿಗೆ ದೊಡ್ಡ ಸದ್ದು ಆಗುವುದಿಲ್ಲ, ನಿನ್ನ ತಪ್ಪಲ್ಲ" ಎಂದು ನೇರವಾಗಿ ಹೇಳಿ.

ತಾಯಿ ಹೊರಡುವಾಗ ಇನ್ನೊಂದು ವಿಷಯ ಹೇಳಿದರು: ರಾತ್ರಿ ಮಿಲಿಟರಿ ಕ್ಯಾಂಟೀನ್‌ನ ಮದ್ಯದ ಬಾಟಲಿ, ಮೇಲೆ ನಿದ್ದೆ ಮಾತ್ರೆ. ನನಗೆ ಗಾಬರಿಯಾದದ್ದು ಇದಕ್ಕೇ. ಎರಡೂ ಸೇರಿದರೆ ಉಸಿರೇ ನಿಲ್ಲಬಹುದು. ಇದನ್ನು ಡಾಕ್ಟರಿಗೆ ಮುಚ್ಚಿಡಬೇಡಿ, ಮಾತ್ರೆಯನ್ನು ನೀವಾಗಿ ದಿಢೀರನೆ ನಿಲ್ಲಿಸಲೂ ಬೇಡಿ ಎಂದೆ. ಯುದ್ಧ ಹೀಗೆ ಒಳಗೇ ಉಳಿದುಬಿಡುವ ತೊಂದರೆಗೆ ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ. ಎಷ್ಟೋ ವರ್ಷ ಕಳೆದ ಮೇಲೂ ಉಪಯೋಗವಾಗುತ್ತದೆ. ರಾತ್ರಿ ಮಾತಾಡಲು ಯಾರಾದರೂ ಬೇಕಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ.

ಅಪ್ಪ ನನ್ನ ಹತ್ತಿರ ಬರಲಿಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಹಿಡಿದು ಮಂಗಳೂರಿಗೆ ಹೋಗಲು ಒಪ್ಪಿದ್ದಾರಂತೆ, ಡಾಕ್ಟರು ಕನ್ನಡದಲ್ಲಿ ಮಾತಾಡುವುದಾದರೆ ಮಾತ್ರ.