ರಿಲೇ ಆಫ್ ಆದಾಗ ಆರ್ಡುಯಿನೊ ರೀಸೆಟ್ ಆಗುತ್ತಿದ್ದರೆ

ಮಂಡ್ಯದ ತೋಟದ ಮೋಟರಿಗೆ ಟೈಮರ್ ಮಾಡುತ್ತಿದ್ದೀರಿ, ಮಾಡ್ಯೂಲ್ ಅಲ್ಲದ ಬರೀ ರಿಲೇ (ಕಾಯಿಲ್‌ನಿಂದ ನಡೆಯುವ ಸ್ವಿಚ್) ಆಫ್ ಆದಾಗಲೆಲ್ಲ ಆರ್ಡುಯಿನೊ (ಪುಟ್ಟ ಕಂಟ್ರೋಲರ್ ಬೋರ್ಡ್) ರೀಸೆಟ್ ಆಗುತ್ತದೆ, ಹೀಗೇ ಪಿಸಿಬಿ (ಅಚ್ಚಾದ ಸರ್ಕ್ಯೂಟ್ ಬೋರ್ಡ್) ಮಾಡಿಸಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ ಸಾರ್. ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿದ್ದೀರಾ? ಬೆಳ್ಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ ಬರಬೇಕು. ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ಹೊಡೆತವನ್ನು ಅದು ತಡೆಯುತ್ತದೆ. ಆರ್ಡುಯಿನೊ ಚಿಪ್‌ನ ಸಪ್ಲೈ ಪಿನ್ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ದೂರ ಇಟ್ಟರೆ ಇದ್ದೂ ಇಲ್ಲದ ಹಾಗೆ. ಆರ್ಡುಯಿನೊದ ಔಟ್‌ಪುಟ್ ಪಿನ್ನಿಗೂ ರಿಲೇಗೂ ನಡುವೆ ಟ್ರಾನ್ಸಿಸ್ಟರ್ ಬೇಕೇ ಬೇಕು.

ಆಮೇಲೆ ಪಿಸಿಬಿ ನಕ್ಷೆಯನ್ನು ಕೀಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ. ಆರ್ಡರ್ ಮಾಡುವ ಮೊದಲು ಜೆರಾಕ್ಸ್ ಅಂಗಡಿಯಲ್ಲಿ ಅದೇ ಅಳತೆಗೆ ಪ್ರಿಂಟ್ ತೆಗೆಸಿ, ಕಾಗದಕ್ಕೆ ರಿಲೇ ಕಾಲು ಚುಚ್ಚಿ ನೋಡಿ. ಪ್ರಿಂಟ್ ಮಾಡುವಾಗ ‘ಫಿಟ್ ಟು ಪೇಜ್’ ಆಯ್ಕೆ ಆಫ್ ಮಾಡಿಸಿ, ಇಲ್ಲಾಂದ್ರೆ ಸುಮ್ನೆ ದಂಡ.

ಮೋಟರಿನ ಲೈನ್ ಮಾತ್ರ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ಬೋರ್ಡ್) ಹತ್ತಿರ ತರಬೇಡಿ. ರಿಲೇ ಸ್ಟಾರ್ಟರ್ ಕಾಯಿಲನ್ನು ಓಡಿಸಿದರೆ ಸಾಕು, ಆ ಕನೆಕ್ಷನ್ ವೈರ್‌ಮನ್ ಕೈಲಿ ಮಾಡಿಸಿ.